ಒಪ್ಪಿಗೆಯೂ ಒಪ್ಪಂದವೂ

ನಮ್ಮ ಭಾಷೆಯಲ್ಲಿ ತಪ್ಪೊಪ್ಪಿಗೆ ಎಂಬ ಮಾತಿದೆ. ಬಿಡಿಸಿ ನೋಡಿದರೆ ತಪ್ಪಿನ ಒಪ್ಪಿಗೆ. ಇದೇ ಒಪ್ಪಿಗೆಯನ್ನು ನಾವು ಹೆಣ್ಣುಮಕ್ಕಳು ಇನ್ನೊಂದು ಕಡೆಯೂ ಕೇಳಿದ್ದೇವೆ. ಹೆಣ್ಣು ನೋಡುವ ಶಾಸ್ತ್ರ ಮುಗಿದು, ಉಪ್ಪಿಟ್ಟು ಕೇಸರಿಬಾತಿನ ಖಾಲಿ ತಟ್ಟೆಗಳು ಒಳಗೆ ಬಂದು, ಗಂಡಿನ ಕಡೆಯವರು ಹೊಸಿಲು ದಾಟಿದ ಮೇಲೆ ಯಾರಾದರೊಬ್ಬ ಸೋದರತ್ತೆ ಹುಡುಗಿಯ ಪಕ್ಕ ಕೂತು, "ಏನಮ್ಮ, ನಿನಗೆ ಒಪ್ಪಿಗೆ ತಾನೆ?" ಎನ್ನುತ್ತಾಳೆ. ಅಷ್ಟು ಹೊತ್ತಿಗೆ ಅಪ್ಪ ಛತ್ರದ ಬಾಡಿಗೆಯ ವಿಚಾರ ತೆಗೆದಾಗಿರುತ್ತದೆ. ಹಿಂದೆ ಇಬ್ಬರು ತಂಗಿಯರು ಸಾಲಿನಲ್ಲಿರುತ್ತಾರೆ. ಹುಡುಗಿ ಹೂಂ ಎನ್ನುತ್ತಾಳೆ. ಆ ಹೂಂ ಸುಳ್ಳು ಎನ್ನಲಾರೆವು. ಆದರೆ ಅವಳು ಒಪ್ಪಿದ್ದು ಹುಡುಗನನ್ನೋ, ಅಪ್ಪನ ಕಷ್ಟವನ್ನೋ, ಬೇರೆ ದಾರಿಯಿಲ್ಲ ಎಂಬ ಸಂಗತಿಯನ್ನೋ? ಕೇಳಿದವರಿಗೆ ಅದು ಬೇಕಾಗಿರುವುದಿಲ್ಲ. ಅವರಿಗೆ ಬೇಕಾದದ್ದು ಹೂಂ ಮಾತ್ರ.

ಒಪ್ಪು ಎಂಬ ಅದೇ ಬೇರಿನಿಂದ ಹುಟ್ಟಿದ ಮತ್ತೊಂದು ಮಾತು ಒಪ್ಪಂದ. ಒಪ್ಪಂದಕ್ಕೆ ಎರಡು ಕೈ ಬೇಕು. ಒಂದು ಕೊಡುತ್ತದೆ, ಒಂದು ಪಡೆಯುತ್ತದೆ. ತಪ್ಪೊಪ್ಪಿಗೆಗೆ ಒಂದೇ ಮನಸ್ಸು ಸಾಕು. ಹೀಗೆಂದು ನಾವು ತಿಳಿದಿದ್ದೇವೆ. ಈ ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಕೆಳಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಅಮೆರಿಕದ ಕೋರ್ಟುಗಳಲ್ಲಿದೆ. ಅಲ್ಲಿನ ಕೇಂದ್ರ ಸರ್ಕಾರದ, ಅಂದರೆ ಫೆಡರಲ್, ಕೋರ್ಟುಗಳಲ್ಲಿ ಮಾದಕ ವಸ್ತುವಿನ ಮೊಕದ್ದಮೆಗೆ ಸಿಕ್ಕಿ ಶಿಕ್ಷೆಯಾದವರಲ್ಲಿ ನೂರಕ್ಕೆ 97 ಮಂದಿ ವಿಚಾರಣೆಯೇ ನಡೆಯದೆ "ಹೌದು, ನಾನು ತಪ್ಪಿತಸ್ಥ" ಎಂದವರು. ಸಿನಿಮಾಗಳಲ್ಲಿ ನಾವು ನೋಡುವ ಹನ್ನೆರಡು ಜನರ ಜ್ಯೂರಿ, ವಕೀಲರ ವಾಗ್ಝರಿ, ಸಾಕ್ಷಿಯ ಕಣ್ಣೀರು ಎಲ್ಲ ಉಳಿದ ಮೂರು ಮಂದಿಗೆ.

ದೂರದ ದೇಶದ ಕೋರ್ಟಿನ ಗೊಡವೆ ನಮಗೇಕೆ ಎನ್ನಬಹುದು. ಕಾನೂನು ಅವರದಾದರೂ ಪ್ರಶ್ನೆ ನಮ್ಮದೂ ಹೌದು. ಬೆಲೆ ಕಟ್ಟಿದ ಮೇಲೆ ತಪ್ಪೊಪ್ಪಿಗೆ ತಪ್ಪೊಪ್ಪಿಗೆಯಾಗಿ ಉಳಿಯುತ್ತದೆಯೇ? ಆ ಬೆಲೆ ಅಲ್ಲಿ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಮೊದಲು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಲೆಕ್ಕ ಕಷ್ಟದ್ದೇನಲ್ಲ. ಹಾಲಿನವನ ತಿಂಗಳ ಲೆಕ್ಕ ನೋಡುವ ನಮಗೆ ಇದು ಯಾವ ಮಹಾ!

1984ರಲ್ಲಿ ಅಮೆರಿಕದ ಸಂಸತ್ತು ಶಿಕ್ಷೆಯ ಪದ್ಧತಿಯನ್ನು ಸುಧಾರಿಸಲು ಒಂದು ಕಾಯ್ದೆ ಮಾಡಿತು. ಅದುವರೆಗೆ ಒಂದೇ ಬಗೆಯ ತಪ್ಪಿಗೆ ಒಬ್ಬ ಜಡ್ಜ್ ಕಡಿಮೆ ಶಿಕ್ಷೆ, ಇನ್ನೊಬ್ಬರು ಹೆಚ್ಚು ಶಿಕ್ಷೆ ಕೊಡುತ್ತಾರೆ ಎಂಬ ದೂರಿತ್ತು. ಈ ಏರುಪೇರು ತಪ್ಪಿಸಲು ಒಂದು ಆಯೋಗ ನೇಮಕವಾಯಿತು. ಆಯೋಗ ಒಂದು ಕೋಷ್ಟಕ ಸಿದ್ಧಪಡಿಸಿತು. ಅದು 1987ರ ನವೆಂಬರಿನಿಂದ ಜಾರಿಗೆ ಬಂತು. ಕೋಷ್ಟಕದಲ್ಲಿ ಮೇಲಿನಿಂದ ಕೆಳಕ್ಕೆ 43 ಮೆಟ್ಟಿಲು. ಅಡ್ಡಕ್ಕೆ ಹಿಂದಿನ ಅಪರಾಧಗಳನ್ನು ತೋರಿಸುವ 6 ಮನೆ. ಎರಡೂ ಸೇರುವ ಚೌಕದಲ್ಲಿ ಎಷ್ಟು ತಿಂಗಳ ಜೈಲು ಎಂದು ಬರೆದಿರುತ್ತದೆ. ಮಾದಕ ವಸ್ತುವಿನ ಕೇಸಿನಲ್ಲಿ ಮೆಟ್ಟಿಲನ್ನು ಮುಖ್ಯವಾಗಿ ತೀರ್ಮಾನಿಸುವುದು ತೂಕ. ಹಿಂದೆ ಯಾವ ಅಪರಾಧವೂ ಇಲ್ಲದ ಒಬ್ಬಳು 32ನೆಯ ಮೆಟ್ಟಿಲಿನಲ್ಲಿ ನಿಂತಿದ್ದಾಳೆ ಎಂದುಕೊಳ್ಳಿ. ಅವಳ ಚೌಕದಲ್ಲಿರುವುದು 121ರಿಂದ 151 ತಿಂಗಳು. ತಪ್ಪೊಪ್ಪಿಕೊಂಡರೆ ಎರಡು ಮೆಟ್ಟಿಲು ಕೆಳಕ್ಕೆ. ಸರ್ಕಾರಿ ವಕೀಲರು ವಿಚಾರಣೆಗೆ ಸಿದ್ಧತೆ ಮಾಡುವ ಶ್ರಮ ತಪ್ಪುವ ಹಾಗೆ ಬೇಗನೆ ಒಪ್ಪಿಕೊಂಡರೆ ಮತ್ತೂ ಒಂದು ಮೆಟ್ಟಿಲು ಕೆಳಕ್ಕೆ. ಈ ಮೂರನೆಯ ಮೆಟ್ಟಿಲು ಸೇರಿದ್ದು 1992ರಲ್ಲಿ. 2003ರಿಂದೀಚೆಗೆ ಅದು ಸಿಗಬೇಕಾದರೆ ಸರ್ಕಾರಿ ವಕೀಲರೇ ಬಾಯಿಬಿಟ್ಟು ಕೇಳಬೇಕು. ಮೂರೂ ಸಿಕ್ಕರೆ ಅವಳು 29ನೆಯ ಮೆಟ್ಟಿಲಿಗೆ ಇಳಿಯುತ್ತಾಳೆ: 87ರಿಂದ 108 ತಿಂಗಳು. ಮೂರು ವರ್ಷದ ಆಸುಪಾಸು ಉಳಿಯಿತು. ಪೆರೋಲಿನ ಮೇಲೆ ಮೊದಲೇ ಹೊರಗೆ ಬರುವ ದಾರಿಯನ್ನು ಅದೇ 1984ರ ಕಾಯ್ದೆ ಮುಚ್ಚಿದ್ದರಿಂದ ಈ ತಿಂಗಳುಗಳು ಹೆಚ್ಚುಕಡಿಮೆ ನಿಜವಾದ ತಿಂಗಳುಗಳು. ಕೋಷ್ಟಕಕ್ಕೆ ಜಡ್ಜ್ ಕಟ್ಟುಬೀಳಬೇಕಾಗಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ಆದರೂ ಇಂದಿಗೂ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಈ ರಿಯಾಯಿತಿಗೆ ಆಯೋಗ ಇಟ್ಟ ಹೆಸರು ಚೆನ್ನಾಗಿದೆ. ಹೊಣೆಯನ್ನು ಒಪ್ಪಿಕೊಳ್ಳುವುದು ಎಂದು. ಹೆಸರು ಕೇಳಿದರೆ ಪಶ್ಚಾತ್ತಾಪದ ಮಾತು ಅನ್ನಿಸುತ್ತದೆ. ಆದರೆ ಮೂರನೆಯ ಮೆಟ್ಟಿಲನ್ನು ನೋಡಿ. ಅದು ಸಿಗುವುದು ಸರ್ಕಾರದ ಸಮಯ ಉಳಿಸಿದ್ದಕ್ಕೆ. ಇಷ್ಟೇ ಅಲ್ಲ, ವಿಚಾರಣೆ ಕೇಳಿ, ತಪ್ಪು ಮಾಡಿಲ್ಲ ಎಂದು ವಾದಿಸಿ, ಸೋತ ಮೇಲೆ ಯಾರಾದರೂ ಅತ್ತು ಕರೆದು ಒಪ್ಪಿಕೊಂಡರೆ ಈ ರಿಯಾಯಿತಿ ಅವರಿಗಲ್ಲ ಎಂದು ಆಯೋಗದ ಟಿಪ್ಪಣಿಯೇ ಹೇಳುತ್ತದೆ. ಅಪರೂಪಕ್ಕೊಂದು ವಿನಾಯಿತಿ ಬಿಟ್ಟರೆ. ಪಶ್ಚಾತ್ತಾಪ ಎಂಬುದು ತಡವಾಗಿಯೇ ಬರುವಂಥದ್ದು ಎಂದು ಬದುಕು ಕಂಡವರು ಬಲ್ಲರು. ತನ್ನ ಕೈಯಿಂದ ಕೆಟ್ಟ ಮನೆಯ ತಾಯಿ ಸಾಕ್ಷಿ ಹೇಳುವುದನ್ನು ಕೇಳಿದ ಮೇಲೆ ಒಬ್ಬನ ಮನಸ್ಸು ಕರಗಬಹುದು. ಕೋಷ್ಟಕಕ್ಕೆ ಆ ಕರಗುವಿಕೆ ಬೇಡ. ಅದಕ್ಕೆ ಬೇಕಾದ್ದು ಬೇಗ ಕರಗುವವರು.

ಕೋಷ್ಟಕವೊಂದೇ ಆಗಿದ್ದರೆ ಇಷ್ಟು ಹೇಳಿ ಮುಗಿಸುತ್ತಿದ್ದೆನೇನೋ. 1986ರಲ್ಲಿ, ಲೆನ್ ಬಯಾಸ್ ಎಂಬ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರ ಕೊಕೇನ್ ಸೇವಿಸಿ ಸತ್ತ. ಇಡೀ ದೇಶ ಗಾಬರಿಯಾಯಿತು. ಕೆಲವೇ ತಿಂಗಳಲ್ಲಿ ಹೊಸ ಕಾಯ್ದೆ ಬಂತು: ಇಷ್ಟು ತೂಕಕ್ಕೆ ಕನಿಷ್ಠ 5 ವರ್ಷ, ಇಷ್ಟಕ್ಕೆ ಕನಿಷ್ಠ 10 ವರ್ಷ; ಅದಕ್ಕಿಂತ ಕೆಳಗೆ ಇಳಿಸಲು ಜಡ್ಜಿಗೂ ಅಧಿಕಾರವಿಲ್ಲ. ಕರಿಯರ ಬಡಾವಣೆಗಳಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿದ್ದ 'ಕ್ರ್ಯಾಕ್' ಎಂಬ ಹರಳಿನ ಕೊಕೇನ್ 5 ಗ್ರಾಂ ಇದ್ದರೆ 5 ವರ್ಷ. ಒಂದು ಟೀ ಚಮಚ ಸಕ್ಕರೆಯ ತೂಕ. ಪುಡಿ ಕೊಕೇನಿಗೆ ಅದೇ 5 ವರ್ಷ ಆಗಬೇಕಾದರೆ 500 ಗ್ರಾಂ, ಅಂದರೆ ಅರ್ಧ ಕಿಲೋ ಇರಬೇಕು. 2010ರಲ್ಲಿ ಇದನ್ನು ತಿದ್ದಿ ಚಮಚವನ್ನು 28 ಗ್ರಾಂ ಮಾಡಿದರು; ಹಳೆಯ ಕೈದಿಗಳಿಗೂ ಅದು ಅನ್ವಯಿಸಲು 2018ರವರೆಗೆ ಕಾಯಬೇಕಾಯಿತು. 1988ರಲ್ಲಿ ಮತ್ತೊಂದು ತಿದ್ದುಪಡಿ ಬಂದಿತ್ತು. ಮಾರಿದವರಿಗಷ್ಟೇ ಅಲ್ಲ, ಸಂಚಿನಲ್ಲಿ ಸೇರಿದವರಿಗೂ ಇದೇ ಕನಿಷ್ಠ ಶಿಕ್ಷೆ. ಗುಂಪಿನ ತೂಕದ ಲೆಕ್ಕ ಅಂಚಿನಲ್ಲಿ ನಿಂತವರ ತಲೆಯ ಮೇಲೂ ಬರತೊಡಗಿತು.

ಈ ಕನಿಷ್ಠದ ಬೀಗಕ್ಕೆ ಕೀಲಿ ಯಾರ ಕೈಯಲ್ಲಿದೆ? ಜಡ್ಜ್ ಕೈಯಲ್ಲಲ್ಲ. ಯಾವ ಆರೋಪ ಹೊರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರು ಸರ್ಕಾರಿ ವಕೀಲರು. ಹಿಂದೆ ಒಂದು ಡ್ರಗ್ಸ್ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ ಅದನ್ನು ಒಂದು ಕಾಗದದಲ್ಲಿ ಕೋರ್ಟಿಗೆ ತಿಳಿಸಿದರೆ ಸಾಕು, ಕನಿಷ್ಠ ಶಿಕ್ಷೆ 10 ಇದ್ದದ್ದು 20 ಆಗುತ್ತಿತ್ತು. ಅಂಥವು ಎರಡಿದ್ದರೆ ಜೀವಾವಧಿ. 2018ರಲ್ಲಿ ಇದನ್ನು 15 ಮತ್ತು 25ಕ್ಕೆ ಇಳಿಸಿದರು. ಆ ಕಾಗದವನ್ನು ಸಲ್ಲಿಸುವುದೂ ಬಿಡುವುದೂ ಅವರ ಇಷ್ಟ. ಒಪ್ಪಿಕೊಂಡರೆ ಕಾಗದ ಮೇಜಿನ ಖಾನೆಯಲ್ಲೇ ಉಳಿಯುತ್ತದೆ. ವಿಚಾರಣೆ ಬೇಕು ಎಂದರೆ ಹೊರಗೆ ಬರುತ್ತದೆ. ನ್ಯೂಯಾರ್ಕಿನ ಫೆಡರಲ್ ಜಡ್ಜ್ ಜಾನ್ ಗ್ಲೀಸನ್ 2013ರ ಒಂದು ತೀರ್ಪಿನಲ್ಲಿ, ಈ ಕಾಗದ ಜನರನ್ನು ಹೆದರಿಸಿ ಒಪ್ಪಿಸುವ ಸಾಧನವಾಗಿದೆ ಎಂದು ಕಟುವಾಗಿಯೇ ಬರೆದರು. ಅವರೇ ಹಿಂದೆ ಸರ್ಕಾರಿ ವಕೀಲರಾಗಿದ್ದವರು. ಒಳಗಿನ ಅಡುಗೆ ಬಲ್ಲವರು.

ಅದೇ 2013ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಒಂದು ವರದಿ ತಂದಿತು. ಹಿಂದಿನ ವರ್ಷದ ಫೆಡರಲ್ ಡ್ರಗ್ಸ್ ಕೇಸುಗಳಲ್ಲಿ ಒಪ್ಪಿಕೊಂಡವರ ಸರಾಸರಿ ಶಿಕ್ಷೆ 5 ವರ್ಷ 4 ತಿಂಗಳು. ವಿಚಾರಣೆ ಕೇಳಿ ಸೋತವರದು 16 ವರ್ಷ. ಮೂರು ಪಟ್ಟು.

ಈ ಅಂಕಿಯನ್ನು ಓದಿದಾಗ ನನಗೆ ನೆನಪಾದದ್ದು ಆಷಾಢದ ಸೀರೆ ಸೇಲು. ಕಿಟಕಿಯಲ್ಲಿ ಶೇಕಡಾ 60 ರಿಯಾಯಿತಿ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅನುಭವಸ್ಥೆಯಾದ ಗೃಹಿಣಿ ಮೊದಲು ಕೇಳುವ ಪ್ರಶ್ನೆ ಎಷ್ಟು ರಿಯಾಯಿತಿ ಎಂದಲ್ಲ. ಈ ಸೀರೆಯ ನಿಜವಾದ ಬೆಲೆ ಏನು ಎಂದು. ಎರಡು ಸಾವಿರದ ಸೀರೆಗೆ ಐದು ಸಾವಿರದ ಚೀಟಿ ಅಂಟಿಸಿ ಮೂರು ಸಾವಿರ ಬಿಟ್ಟರೆ ಅಂಗಡಿಯವನು ಏನನ್ನೂ ಬಿಟ್ಟಂತಾಗಲಿಲ್ಲ. ಚೀಟಿ ನೋಡದೆ ಕೇಳಿದ ಬೆಲೆಗೆ ಕೊಂಡವಳಷ್ಟೇ ಮೂರು ಸಾವಿರ ಕಳೆದುಕೊಂಡಳು. ಜೈಲಿನ ವಿಚಾರದಲ್ಲೂ ಇದೇ ಪ್ರಶ್ನೆಯನ್ನು ಕೇಳಬೇಕು. ಆ ತಪ್ಪಿಗೆ ನ್ಯಾಯವಾದ ಶಿಕ್ಷೆ ಎಷ್ಟು? 5 ವರ್ಷ ಸಾಕು ಎಂದಾದರೆ, ವಿಚಾರಣೆ ಕೇಳಿದವನಿಗೆ ಕೊಟ್ಟ ಹೆಚ್ಚಿನ 11 ವರ್ಷ ಡ್ರಗ್ಸ್ ಮಾರಿದ್ದಕ್ಕಲ್ಲ, ವಿಚಾರಣೆ ಕೇಳಿದ್ದಕ್ಕೆ. ಇಲ್ಲ, 16 ವರ್ಷವೇ ನ್ಯಾಯ ಎಂದಾದರೆ, ನೂರಕ್ಕೆ 97 ಅಪರಾಧಿಗಳನ್ನು ಅಷ್ಟು ಅಗ್ಗವಾಗಿ ಬಿಟ್ಟ ಸರ್ಕಾರ ತನ್ನ ಪ್ರಜೆಗಳಿಗೆ ಏನು ಉತ್ತರ ಹೇಳುತ್ತದೆ? ಎರಡೂ ನ್ಯಾಯ ಎನ್ನಲು ಬರುವುದಿಲ್ಲ. ಒಪ್ಪಿಕೊಂಡವರ ಕೇಸುಗಳೂ ಒಪ್ಪದವರ ಕೇಸುಗಳೂ ಒಂದೇ ಬಗೆಯವಲ್ಲ, ಹೋರಾಡುವವರಲ್ಲಿ ದೊಡ್ಡ ಕುಳಗಳು ಹೆಚ್ಚಿರಬಹುದು ಎಂಬ ವಾದವುಂಟು. ಇರಬಹುದು, ಸ್ವಲ್ಪ ಮಟ್ಟಿಗೆ. ಆದರೆ ಒಬ್ಬನೇ ಮನುಷ್ಯನಿಗೆ ಎರಡು ಬೆಲೆ ಹೇಳಿದ ಕೇಸುಗಳೂ ಇವೆಯಲ್ಲ!

ಯೂಟಾ ರಾಜ್ಯದ ವೆಲ್ಡನ್ ಏಂಜೆಲೋಸ್ ಎಂಬ ಯುವಕ ಪೊಲೀಸರ ಕಡೆಯವನೊಬ್ಬನಿಗೆ ಮೂರು ಸಲ ಗಾಂಜಾ ಮಾರಿದ. ಹತ್ತಿರ ಬಂದೂಕಿತ್ತು ಎಂಬುದು ಕೇಸು. ಒಪ್ಪಿಕೊಂಡರೆ 15 ವರ್ಷ ಎಂದರು. ಅವನು ಒಪ್ಪಲಿಲ್ಲ. ಹೊಸ ಆರೋಪಗಳು ಸೇರಿದವು. 2004ರಲ್ಲಿ ಶಿಕ್ಷೆಯಾಯಿತು, 55 ವರ್ಷ. ಜಡ್ಜ್ ಪಾಲ್ ಕ್ಯಾಸೆಲ್ ಉದಾರವಾದಿಯೇನಲ್ಲ. ಅವರೇ ತೀರ್ಪಿನಲ್ಲಿ ಇದು ಅನ್ಯಾಯ ಎಂದು ಬರೆದು, ಕಾನೂನು ತನ್ನ ಕೈ ಕಟ್ಟಿದೆ ಎಂದು ಹೇಳಿ, ಅಧ್ಯಕ್ಷರು ಶಿಕ್ಷೆ ಇಳಿಸಲಿ ಎಂದು ಕೋರಿದರು. ಅದೇ ದಿನ ಕೆಲವು ಗಂಟೆಗಳ ಹಿಂದೆ ಅವರು, ಒಬ್ಬ ವೃದ್ಧೆಯನ್ನು ಮರದ ತುಂಡಿನಿಂದ ಹೊಡೆದು ಕೊಂದವನಿಗೆ 22 ವರ್ಷ ಕೊಟ್ಟಿದ್ದರು. ಏಂಜೆಲೋಸ್ ಹೊರಗೆ ಬಂದದ್ದು 2016ರಲ್ಲಿ. ಕ್ಷಮಾದಾನ ಸಿಕ್ಕಿದ್ದು 2020ರಲ್ಲಿ. ಅದೇ ಗಾಂಜಾ, ಅದೇ ಬಂದೂಕು, ಅದೇ ಮನುಷ್ಯ. 15ಕ್ಕೂ 55ಕ್ಕೂ ನಡುವಿನ 40 ವರ್ಷ ಯಾವುದರ ಬೆಲೆ?

ಈಗ ಎದುರುಪಕ್ಷದ ಮಾತನ್ನೂ ಕೇಳಬೇಕು. ನಾವೆಲ್ಲ ಮನೆಯಲ್ಲಿ ಮಾಡುವುದೂ ಇದೇ ಅಲ್ಲವೇ? ಉಪ್ಪಿನಕಾಯಿ ಭರಣಿ ಒಡೆದು ಬಿದ್ದಿದೆ, ಮೂರು ಮಕ್ಕಳು ಗೋಡೆಗೆ ಒರಗಿ ನಿಂತಿವೆ. "ನಿಜ ಹೇಳಿ, ಹೊಡೆಯೋದಿಲ್ಲ" ಎನ್ನದ ತಾಯಿ ಯಾರು? ನಿಜ ಹೇಳಿದ ಮಗುವಿಗೂ ಸಾಧಿಸಿದ ಮಗುವಿಗೂ ಒಂದೇ ಏಟು ಕೊಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು. ಆ ಧೈರ್ಯವನ್ನು ಗುರುತಿಸಬೇಕು. ಕೋರ್ಟಿನ ಕಡೆಯಿಂದ ನೋಡಿದರೂ, ಎಲ್ಲರೂ ವಿಚಾರಣೆ ಬೇಕೆಂದರೆ ಅಮೆರಿಕದ ಕೋರ್ಟುಗಳು ಮರುದಿನವೇ ಬಾಗಿಲು ಹಾಕಬೇಕಾಗುತ್ತದೆ. ಹತ್ತು ವರ್ಷ ಎಳೆದಾಡುವ ನಮ್ಮ ಮೊಕದ್ದಮೆಗಳನ್ನು ಕಂಡ ನಾವು ಬೇಗ ಮುಗಿಯುವುದರ ಬೆಲೆಯನ್ನು ಅಲ್ಲಗಳೆಯಲಾರೆವು. ಅತ್ಯಾಚಾರದಂಥ ಕೇಸಿನಲ್ಲಿ ಅಪರಾಧಿ ಒಪ್ಪಿಕೊಂಡರೆ ನೊಂದ ಹೆಣ್ಣು ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಮತ್ತೆ ಹೇಳುವ ಹಿಂಸೆ ತಪ್ಪುತ್ತದೆ ಎಂಬುದೂ ನಿಜ. ಆದರೆ ಡ್ರಗ್ಸ್ ಕೇಸಿನಲ್ಲಿ ಕಟಕಟೆಗೆ ಬರುವವರು ಹೆಚ್ಚಾಗಿ ಪೊಲೀಸರು ಮತ್ತು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಲು ಬಂದ ಹಳೆಯ ಜೊತೆಗಾರರು. ಅವರ ಸಂಕೋಚವನ್ನು ಕಾಯಬೇಕಾದ ಅಗತ್ಯ ನನಗೇನೂ ಕಾಣುವುದಿಲ್ಲ.

ತಾಯಿಯ ಮಾತಿಗೂ ಕೋಷ್ಟಕಕ್ಕೂ ವ್ಯತ್ಯಾಸವಿದೆ. ತಾಯಿ ಹೀಗೆಂದಳು ಎಂದುಕೊಳ್ಳಿ: "ಒಪ್ಪಿಕೊಂಡರೆ ಇವತ್ತೊಂದು ದಿನ ಆಟಕ್ಕೆ ಕಳಿಸುವುದಿಲ್ಲ. ನಾನಲ್ಲ ಎಂದು ವಾದಿಸಿ, ನೀನೇ ಎಂದು ಗೊತ್ತಾದರೆ ಒಂದು ವರ್ಷ ಆಟವಿಲ್ಲ. ಅಣ್ಣನ ಹೆಸರು ಹೇಳಿದರೆ ಏನೂ ಮಾಡುವುದಿಲ್ಲ." ಒಡೆದ ಮಗು ಅಣ್ಣನ ಹೆಸರು ಹೇಳುತ್ತದೆ. ಹೆದರಿದ ಮಗು, ಒಡೆಯದಿದ್ದರೂ, ನಾನೇ ಎನ್ನುತ್ತದೆ. ಆಗ ಮಲಗಿ ನಿದ್ದೆ ಮಾಡುತ್ತಿದ್ದ ಮಗುವಿನ ಹತ್ತಿರ ಹೇಳಲು ಏನೂ ಇರುವುದಿಲ್ಲ. ರಿಯಾಯಿತಿ ಸಣ್ಣದಾಗಿದ್ದರೆ ತಪ್ಪು ಮಾಡಿದವರು ಮಾತ್ರ ಅದನ್ನು ತೆಗೆದುಕೊಳ್ಳುತ್ತಾರೆ. ತೀರ ದೊಡ್ಡದಾದರೆ ತಪ್ಪು ಮಾಡದವರಿಗೂ ಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಮೊದಲ ಹಂತದಲ್ಲೇ ಒಪ್ಪಿಕೊಂಡವರಿಗೆ ಹೆಚ್ಚೆಂದರೆ ಮೂರನೆಯ ಒಂದು ಭಾಗ ಇಳಿಸುತ್ತಾರೆ. ನನ್ನ ಮಟ್ಟಿಗೆ ಅದೂ ಧಾರಾಳವೇ. ಆದರೂ 16ನ್ನು 5 ಮಾಡುವ ಲೆಕ್ಕಕ್ಕಿಂತ ಅದು ಎಷ್ಟೋ ಮೇಲು.

ಅಲ್ಲಿನ ಸುಪ್ರೀಂ ಕೋರ್ಟು ಇದನ್ನೆಲ್ಲ ಬಹಳ ಹಿಂದೆಯೇ ಎತ್ತಿ ಹಿಡಿದಿದೆ. ಕೆಂಟಕಿ ರಾಜ್ಯದ ಪಾಲ್ ಹೇಯ್ಸ್ ಎಂಬವನು 88 ಡಾಲರ್ 30 ಸೆಂಟಿನ ಸುಳ್ಳು ಚೆಕ್ಕಿನ ಕೇಸಿನಲ್ಲಿ ಸಿಕ್ಕಿಬಿದ್ದ. ಒಪ್ಪಿಕೊಂಡರೆ 5 ವರ್ಷ ಎಂದರು, ಇಲ್ಲವಾದರೆ ರೂಢಿಗತ ಅಪರಾಧಿ ಎಂದು ಕೇಸು ಹಾಕುತ್ತೇವೆ ಎಂದರು. ಅವನು ಒಪ್ಪಲಿಲ್ಲ, ಜೀವಾವಧಿಯಾಯಿತು. 1978ರಲ್ಲಿ ಸುಪ್ರೀಂ ಕೋರ್ಟು, ಆರೋಪಿಗೆ ಒಪ್ಪುವ ಅಥವಾ ಬಿಡುವ ಸ್ವಾತಂತ್ರ್ಯ ಇರುವವರೆಗೆ ಇದು ಶಿಕ್ಷೆಯಲ್ಲ, ಕೊಡುಕೊಳ್ಳುವ ವ್ಯವಹಾರ ಎಂದಿತು. ಫೆಡರಲ್ ಕೋರ್ಟುಗಳೂ ಇದೇ ನೆಲದ ಮೇಲೆ ನಿಂತಿವೆ. ಒಪ್ಪಿಗೆಯನ್ನು ಸ್ವೀಕರಿಸುವ ಮುನ್ನ ಜಡ್ಜ್ ಆರೋಪಿಯನ್ನು ತೆರೆದ ಕೋರ್ಟಿನಲ್ಲಿ ನೇರವಾಗಿ ಮಾತಾಡಿಸಬೇಕು. ಬಲವಂತದಿಂದಲೋ ಬೆದರಿಕೆಯಿಂದಲೋ ಆಶ್ವಾಸನೆಯಿಂದಲೋ ಒಪ್ಪುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು ಎಂದು ನಿಯಮವಿದೆ. ಅದರಲ್ಲೇ ಕಂಸದೊಳಗೆ ಒಂದು ಸಣ್ಣ ಸೇರ್ಪಡೆ: ಒಪ್ಪಂದದಲ್ಲಿ ಬರೆದಿರುವ ಆಶ್ವಾಸನೆಗಳನ್ನು ಬಿಟ್ಟು. ಕಂಸದೊಳಗೆ ಇಷ್ಟು ದೊಡ್ಡ ಆನೆ ಹೋದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮಲ್ಲಿ ಇದಕ್ಕೆ ಬಹಳ ಕಾಲ ಜಾಗವಿರಲಿಲ್ಲ. 1976ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, 1980ರಲ್ಲಿ ನ್ಯಾಯಮೂರ್ತಿ ಭಗವತಿ ಇಂಥ ಚೌಕಾಸಿಯನ್ನು ಖಂಡಿಸಿದ್ದರು. ಆಮೇಲೆ ಕಾನೂನು ಆಯೋಗ ಶಿಫಾರಸು ಮಾಡಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಮಳೀಮಠರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಅದನ್ನು ಬೆಂಬಲಿಸಿತು. 2006ರ ಜುಲೈನಲ್ಲಿ ಕಾಯ್ದೆ ಜಾರಿಗೆ ಬಂತು. 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಆದರೆ ಗರಿಷ್ಠ 7 ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಕ್ಕೆ, ಹೆಂಗಸರ ಮೇಲಿನ ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಇದು ಸಲ್ಲುವುದಿಲ್ಲ. ಹಾಗಾಗಿ 10ರಿಂದ 20 ವರ್ಷ ಶಿಕ್ಷೆಯಿರುವ ನಮ್ಮ ದೊಡ್ಡ ಡ್ರಗ್ಸ್ ಕೇಸುಗಳು ಈ ಬಾಗಿಲಿನ ಹೊರಗೇ ಉಳಿದಿವೆ. ಇನ್ನೊಂದು ವಿಷಯ ನನಗೆ ಹಿಡಿಸಿತು. ಅರ್ಜಿ ಸ್ವಂತ ಇಚ್ಛೆಯಿಂದ ಬಂದದ್ದೇ ಎಂದು ತಿಳಿಯಲು ನಮ್ಮ ಜಡ್ಜ್ ಆರೋಪಿಯನ್ನು ಎದುರುಪಕ್ಷದವರು ಇಲ್ಲದ ಹಾಗೆ, ಬಾಗಿಲು ಮುಚ್ಚಿ ಕೇಳಬೇಕು. ಸೋದರತ್ತೆಗಿಂತ ವಾಸಿ. ಅಷ್ಟಾದರೂ, ಜಾಮೀನು ಕೊಡುವವರಿಲ್ಲದೆ ತಿಂಗಳುಗಟ್ಟಲೆ ಒಳಗಿದ್ದು, ಒಪ್ಪಿಕೊಂಡರೆ ನಾಳೆ ಮನೆಗೆ ಹೋಗಬಹುದು ಎಂದು ಕೇಳಿದ ಬಡವಿ ಮುಚ್ಚಿದ ಬಾಗಿಲೊಳಗೂ ಏನು ಹೇಳಿಯಾಳು ಎಂಬ ಚಿಂತೆ ಇದ್ದೇ ಇದೆ.

ಅಮೆರಿಕಕ್ಕೆ ಮರಳುತ್ತೇನೆ. ಅಲ್ಲಿನ ಪದ್ಧತಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು, ಮಾರಲು ಏನೂ ಇಲ್ಲದವರ ಪಾಡು. ಕನಿಷ್ಠ ಶಿಕ್ಷೆಗಿಂತ ಕೆಳಗೆ ಇಳಿಯಲು ಬಹಳ ಕಾಲ ಇದ್ದದ್ದು ಒಂದೇ ದಾರಿ: ಇನ್ನೊಬ್ಬರನ್ನು ಹಿಡಿಸಿಕೊಡುವುದು. ಕೊಟ್ಟ ಮಾಹಿತಿ ಸರ್ಕಾರಕ್ಕೆ ಗಣನೀಯ ಉಪಯೋಗವಾಗಬೇಕು, ಸರ್ಕಾರಿ ವಕೀಲರೇ ಅದನ್ನು ಕೋರ್ಟಿಗೆ ಹೇಳಬೇಕು. ಗುಂಪಿನ ನಾಯಕನಿಗೆ ನೂರು ಹೆಸರು ಗೊತ್ತಿರುತ್ತದೆ. ಅವನಿಗೆ ಅಡುಗೆ ಮಾಡಿ ಹಾಕಿದವಳಿಗೆ, ಅವನ ಫೋನಿಗೆ ಉತ್ತರ ಕೊಟ್ಟವಳಿಗೆ, ಅವನ ಪೆಟ್ಟು ತಿಂದವಳಿಗೆ ಗೊತ್ತಿರುವುದು ಅವನೊಬ್ಬನ ಹೆಸರು. ಹೆಚ್ಚು ಪಾಪ ಮಾಡಿದವನ ಹತ್ತಿರ ಹೆಚ್ಚು ಸರಕು. 1994ರಲ್ಲಿ ಇದಕ್ಕೊಂದು ಸಣ್ಣ ಕಿಂಡಿ ತೆರೆದರು: ಹಿಂದೆ ಅಪರಾಧವಿಲ್ಲದವರು, ಹಿಂಸೆ ಮಾಡದವರು ಗೊತ್ತಿದ್ದುದನ್ನೆಲ್ಲ ಪ್ರಾಮಾಣಿಕವಾಗಿ ಹೇಳಿದರೆ ಸಾಕು, ಅದು ಉಪಯೋಗಕ್ಕೆ ಬಾರದಿದ್ದರೂ ಚಿಂತೆಯಿಲ್ಲ ಎಂದು. ಒಳ್ಳೆಯ ಕಿಂಡಿ, 2018ರಲ್ಲಿ ಅದನ್ನು ಮತ್ತಷ್ಟು ಅಗಲ ಮಾಡಿದರು. ಆದರೆ ಅದರಲ್ಲಿ ಎಲ್ಲರೂ ತೂರಲಿಲ್ಲ.

ಕೆಂಬಾ ಸ್ಮಿತ್ ವರ್ಜೀನಿಯಾದ ಹುಡುಗಿ. ತಂದೆತಾಯಿಗೆ ಒಬ್ಬಳೇ ಮಗಳು, ಹ್ಯಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅಲ್ಲಿ ಪರಿಚಯವಾದ ಗೆಳೆಯ ಕ್ರ್ಯಾಕ್ ಮಾರುವ ಗುಂಪಿನ ಮುಖಂಡ, ಅವಳನ್ನು ಹೊಡೆಯುತ್ತಿದ್ದವನು. ಅವಳು ಬಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಅವನಿಗಾಗಿ ತನಿಖೆಯವರ ಮುಂದೆ ಸುಳ್ಳೂ ಹೇಳಿದಳು. 1994ರಲ್ಲಿ, ಏಳು ತಿಂಗಳ ಬಸುರಿಯಾಗಿ, ಶರಣಾದಳು, ತಪ್ಪೊಪ್ಪಿಕೊಂಡಳು. ಗೊತ್ತಿದ್ದುದನ್ನು ಹೇಳಲು ಮನಸ್ಸು ಮಾಡುವ ಹೊತ್ತಿಗೆ ಗೆಳೆಯ ಕೊಲೆಯಾಗಿದ್ದ. ಸತ್ತವನ ಸುದ್ದಿಯನ್ನು ಸರ್ಕಾರ ಯಾಕೆ ಕೊಂಡೀತು? ಅವಳು ಡ್ರಗ್ಸ್ ಮಾರಿದವಳಲ್ಲ, ಬಳಸಿದವಳೂ ಅಲ್ಲ ಎಂಬುದನ್ನು ಸರ್ಕಾರವೂ ಒಪ್ಪಿತ್ತು. ಆದರೂ ಗುಂಪಿನ 255 ಕಿಲೋ ಕ್ರ್ಯಾಕ್ ಅವಳ ಲೆಕ್ಕಕ್ಕೆ ಬಂತು. 1995ರಲ್ಲಿ ಅವಳಿಗೆ 24 ವರ್ಷ 6 ತಿಂಗಳ ಶಿಕ್ಷೆಯಾಯಿತು. ಆಗ ಅವಳಿಗೆ ಇಪ್ಪತ್ತಮೂರು. ಕಸ್ಟಡಿಯಲ್ಲಿದ್ದಾಗಲೇ ಹುಟ್ಟಿದ ಮಗನನ್ನು ಅಜ್ಜ ಅಜ್ಜಿ ಸಾಕಿದರು.

ಅಲಬಾಮಾದ ಮೊಬೀಲ್ ಪಟ್ಟಣದ ಡೊರೊತಿ ಗೇನ್ಸ್ ಮೂರು ಮಕ್ಕಳ ತಾಯಿ, ಆಸ್ಪತ್ರೆಯಲ್ಲಿ ಕೆಲಸ. ಆಕೆಯ ಮನೆ ಜಾಲಾಡಿದರೂ ಡ್ರಗ್ಸ್ ಸಿಗಲಿಲ್ಲ. ಅದೇ ಕೇಸಿನಲ್ಲಿ ಸಿಕ್ಕಿಬಿದ್ದ ಬೇರೆಯವರು ಆಕೆಯ ಹೆಸರು ಹೇಳಿ ತಮ್ಮ ಶಿಕ್ಷೆ ಇಳಿಸಿಕೊಂಡರು. ನಾನು ಮಾಡಿಲ್ಲ ಎಂದು ಆಕೆ ವಿಚಾರಣೆಗೇ ನಿಂತಳು. ಸಿಕ್ಕಿದ್ದು 19 ವರ್ಷ 7 ತಿಂಗಳು.

ಒಬ್ಬಳು ಒಪ್ಪಿಕೊಂಡವಳು, ಒಬ್ಬಳು ಒಪ್ಪದವಳು. ಇಬ್ಬರ ಶಿಕ್ಷೆಯನ್ನೂ ಅಧ್ಯಕ್ಷ ಕ್ಲಿಂಟನ್ ಒಂದೇ ದಿನ, 2000ದ ಡಿಸೆಂಬರ್ 22ರಂದು, ಮೊಟಕುಗೊಳಿಸಿದರು. ಕ್ರಿಸ್‌ಮಸ್ಸಿಗೆ ಮೂರು ದಿನ ಮೊದಲು ಇಬ್ಬರೂ ಮನೆಗೆ ಹೋದರು. ಕೆಂಬಾಳ ಮಗನಿಗೆ ಆಗ ಆರು ತುಂಬಿತ್ತು. ಶಿಕ್ಷೆ ಮೊಟಕಾಯಿತೇ ಹೊರತು ಅಪರಾಧ ಅಳಿಸಲಿಲ್ಲ. ದಾಖಲೆಯಲ್ಲಿ ಇಬ್ಬರೂ ಅಪರಾಧಿಗಳಾಗಿಯೇ ಹೊರಬಂದರು. ಒಪ್ಪಿಕೊಂಡವಳಿಗೆ ಪೂರ್ತಿ ಕ್ಷಮಾದಾನ ಸಿಕ್ಕಿದ್ದು 2025ರ ಜನವರಿಯಲ್ಲಿ, ಅಧ್ಯಕ್ಷ ಬೈಡನ್ ಕುರ್ಚಿ ಬಿಡುವ ಹಿಂದಿನ ದಿನ.